ಪ್ರಯೋಗಶಾಲೆಯ ಯಜಮಾನರೂ ಅವರ ಸಂಬಳವೂ

ಮಗಳಿಗೆ ವರನನ್ನು ಅರಸುತ್ತಿರುವ ತಂದೆತಾಯಿಗಳು, ಹುಡುಗನು ಕೇಂದ್ರ ಸರಕಾರದ ಪ್ರಯೋಗಶಾಲೆಯೊಂದರಲ್ಲಿ ವಿಜ್ಞಾನಿಯೆಂದು ಕೇಳಿದೊಡನೆ ತುಸು ನೆಟ್ಟಗೆ ಕುಳಿತುಕೊಳ್ಳುವುದುಂಟು. ಮರುಕ್ಷಣವೇ ಸಂಬಳದ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕಷ್ಟವಲ್ಲ. 2016ರ ಜನವರಿ 1ರಿಂದ ಅನ್ವಯವಾದ ಏಳನೆಯ ವೇತನ ಆಯೋಗದ ಪಟ್ಟಿಯಂತೆ ‘ಸೈಂಟಿಸ್ಟ್ ಬಿ’ ಎಂಬ ಮೆಟ್ಟಿಲಿನ ಆರಂಭದ ಮೂಲವೇತನ ತಿಂಗಳಿಗೆ 56,100 ರೂಪಾಯಿ. ತುಟ್ಟಿಭತ್ಯ, ಮನೆಬಾಡಿಗೆಯ ಭತ್ಯಗಳು ಅದರ ಮೇಲೆ. ಐ.ಎ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ತರುಣನ ಆರಂಭದ ಮೂಲವೇತನವೂ ಇಷ್ಟೇ. ಭಾವೀ ಮಾವನವರು ಸಂತೋಷಪಡಲು ಇದು ಸಾಕು. ಆದರೆ ಅವರು ಕೇಳದೆ ಬಿಡುವ ಪ್ರಶ್ನೆಗಳು ಎರಡಿವೆ: ಹುಡುಗನ ಬಡ್ತಿ ಯಾರ ಕೈಯಲ್ಲಿದೆ? ಬಡ್ತಿ ಬಂದ ಮೇಲೆ ಅವನು ಮಾಡುವ ಕೆಲಸವೇನು?

ಸ್ವತಂತ್ರ ಭಾರತದ ಸರಕಾರವು ಈ ವಿಷಯದಲ್ಲಿ ಒಳ್ಳೆಯ ಮಾತನ್ನಾಡದೆ ಇರಲಿಲ್ಲ. 1958ರ ಮಾರ್ಚ್ 4ರ ವಿಜ್ಞಾನ ನೀತಿ ನಿರ್ಣಯದಲ್ಲಿ, ವಿಜ್ಞಾನಿಗಳಿಗೆ ಉತ್ತಮ ಸೇವಾ ಸ್ಥಿತಿಗಳನ್ನೂ ಗೌರವದ ಸ್ಥಾನವನ್ನೂ ಕಲ್ಪಿಸಲಾಗುವುದೆಂಬ ಆಶ್ವಾಸನೆಯಿದೆ. ಅದಕ್ಕೂ ಮುಂಚೆಯೇ ಹೋಮಿ ಭಾಭಾ ಅವರು ಈ ದಾರಿಯಲ್ಲಿ ಯೋಚಿಸಿದ್ದರು. 1939ರಿಂದ 1945ರವರೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಅವರು, ಹುದ್ದೆಗಳನ್ನು ಮೊದಲು ಸೃಷ್ಟಿಸಿ ಅವುಗಳಿಗೆ ಜನರನ್ನು ಹೊಂದಿಸುವುದರ ಬದಲು, ಯೋಗ್ಯನಾದ ಮನುಷ್ಯನನ್ನು ಹುಡುಕಿ ಅವನ ಸುತ್ತ ಸಂಸ್ಥೆಯನ್ನು ಕಟ್ಟಬೇಕೆಂಬ ಮತದವರು. ಅವರು ಬೆಳೆಸಿದ ಪರಮಾಣು ಶಕ್ತಿ ಇಲಾಖೆಯಲ್ಲಿ ಮೇಲಿನ ಸ್ಥಾನ ತೆರವಾಗಲೆಂದು ಯಾರೂ ಕಾಯಬೇಕಾಗಿರಲಿಲ್ಲ. ಅರ್ಹತೆ ಕಂಡರೆ ಬಡ್ತಿ ಬರುತ್ತಿತ್ತು.

ಬೇರೆಡೆಗಳಲ್ಲಿ ಹಾಗಿರಲಿಲ್ಲ. ಹಾಗಿಲ್ಲದುದರ ಬೆಲೆಯೆಷ್ಟೆಂಬುದು ದೇಶಕ್ಕೆ ತಿಳಿದದ್ದು 1972ರಲ್ಲಿ. ಆ ವರ್ಷದ ಮೇ ತಿಂಗಳಿನಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಬೇಸಾಯಶಾಸ್ತ್ರದ ವಿಜ್ಞಾನಿಯೊಬ್ಬರು, ತಮಗಾದ ಅನ್ಯಾಯವನ್ನು ಮಹಾನಿರ್ದೇಶಕರಿಗೆ ಪತ್ರದಲ್ಲಿ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಲೋಕಸಭೆಯಲ್ಲಿಯೂ ಪತ್ರಿಕೆಗಳಲ್ಲಿಯೂ ಕೋಲಾಹಲವೆದ್ದಿತು. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಾಧೀಶರಾದ ಗಜೇಂದ್ರಗಡಕರ್ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು.

ಆಗಿನ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ವೇತನವು ಅಂಟಿಕೊಂಡಿದ್ದುದು ಹುದ್ದೆಗೆ, ಮನುಷ್ಯನಿಗಲ್ಲ. ಗೋಧಿಯ ಕಾಡಿಗೆ ರೋಗವನ್ನು ಹತ್ತು ವರ್ಷ ಅಭ್ಯಾಸ ಮಾಡಿದವನಿಗೆ ಹೆಚ್ಚಿನ ಸಂಬಳ ಬೇಕಾದರೆ ಎಲ್ಲಿಯೋ ಒಂದು ಮೇಲಿನ ಹುದ್ದೆ ಖಾಲಿಯಾಗಬೇಕು; ಅದು ಬೇರೆ ಊರಿನಲ್ಲಿರಬಹುದು, ಬೇರೆ ಬೆಳೆಗೆ ಸಂಬಂಧಿಸಿರಬಹುದು. ಅದಕ್ಕೆ ಹೊಸ ಅಭ್ಯರ್ಥಿಯಂತೆ ಅರ್ಜಿ ಹಾಕಿ, ಸಂದರ್ಶನಕ್ಕೆ ಹೋಗಿ, ಪಕ್ಕದ ಮೇಜಿನ ಸ್ನೇಹಿತನೊಡನೆಯೇ ಸ್ಪರ್ಧಿಸಬೇಕು. ಗೆದ್ದವನು ಗೋಧಿಯನ್ನು ಬಿಟ್ಟು ಹೋಗುತ್ತಿದ್ದ. ಸೋತವನು ಗೆದ್ದವನ ಕೈಕೆಳಗೆ ಉಳಿಯುತ್ತಿದ್ದ. ಕೆಲವು ಶಾಸ್ತ್ರಗಳಲ್ಲಿ ಹುದ್ದೆಗಳು ಹೆಚ್ಚು, ಕೆಲವರಲ್ಲಿ ಬೆರಳೆಣಿಕೆಯಷ್ಟು. ಕಲಿಯುವಾಗ ಯಾವ ಶಾಸ್ತ್ರವನ್ನು ಆರಿಸಿಕೊಂಡೆನೆಂಬುದೇ ಮುಂದೆ ಹಣೆಬರಹವಾಗುತ್ತಿತ್ತು.

ಸಮಿತಿಯ ವರದಿ 1973ರಲ್ಲಿ ಬಂದಿತು. ಅದೇ ವರ್ಷ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಲಿಯೂ, ಕೃಷಿ ಸಂಶೋಧನೆಗೆಂದೇ ಪ್ರತ್ಯೇಕವಾದ ಇಲಾಖೆಯೂ ಸ್ಥಾಪನೆಯಾದುವು. 1975ರ ಅಕ್ಟೋಬರಿನಲ್ಲಿ, ಎಂ. ಎಸ್. ಸ್ವಾಮಿನಾಥನ್ ಅವರು ಮಹಾನಿರ್ದೇಶಕರಾಗಿದ್ದಾಗ, ಕೃಷಿ ಸಂಶೋಧನ ಸೇವೆ ಆರಂಭವಾಯಿತು. ಐದು ವರ್ಷಕ್ಕೊಮ್ಮೆ ಕೆಲಸದ ಮೌಲ್ಯಮಾಪನ. ತೃಪ್ತಿಕರವೆಂದು ಕಂಡರೆ ಇದ್ದ ಕಡೆಯಲ್ಲಿಯೇ, ಮಾಡುತ್ತಿದ್ದ ಕೆಲಸವನ್ನು ಬಿಡದೆಯೇ ಮೇಲಿನ ದರ್ಜೆ. ನಿರ್ದೇಶಕ ಮೊದಲಾದ ಆಡಳಿತದ ಸ್ಥಾನಗಳನ್ನು ಗೊತ್ತಾದ ಅವಧಿಗೆ ಮಾತ್ರ ಕೊಡುವುದೆಂದಾಯಿತು. ಇಷ್ಟು ಸಾಮಾನ್ಯವಾದ ವಿವೇಕಕ್ಕೆ ಒಂದು ಜೀವ ಹೋಗಬೇಕಾಗಿತ್ತೇ ಎಂದು ಓದುಗರು ಕೇಳಿದರೆ ಉತ್ತರ ಹೇಳುವವರಾರು?

ಇತರ ವೈಜ್ಞಾನಿಕ ಇಲಾಖೆಗಳಿಗೆ ಮೂರನೆಯ ವೇತನ ಆಯೋಗದ ಸಲಹೆಯಿಂದ ‘ಫ್ಲೆಕ್ಸಿಬಲ್ ಕಾಂಪ್ಲಿಮೆಂಟಿಂಗ್’ ಎಂಬ ಏರ್ಪಾಡು ಬಂದಿತು. ಹೆಸರು ಬಾಯಿಗೆ ಸಿಕ್ಕುವಂಥದಲ್ಲ, ಅರ್ಥ ಸುಲಭ. ಬಡ್ತಿ ಪಡೆದವನೊಂದಿಗೆ ಅವನ ಹುದ್ದೆಯೂ ಮೇಲೇರುತ್ತದೆ. ಅವನು ಬಿಟ್ಟುಹೋದೊಡನೆ ಹುದ್ದೆ ಮತ್ತೆ ತನ್ನ ಹಳೆಯ ಮೆಟ್ಟಿಲಿಗೆ ಇಳಿಯುತ್ತದೆ. 1998ರಲ್ಲಿ ತಿದ್ದಿದ ನಿಯಮಗಳಂತೆ ‘ಬಿ’ಯಿಂದ ‘ಸಿ’ಗೆ ಮೂರು ವರ್ಷ, ಮುಂದಿನ ಎರಡು ಮೆಟ್ಟಿಲಿಗೆ ನಾಲ್ಕು ನಾಲ್ಕು, ಅನಂತರ ಐದೈದು. ಎಲ್ಲಿಯೂ ಎಡವದವನು ಇಪ್ಪತ್ತೊಂದು ವರ್ಷಗಳಲ್ಲಿ ‘ಜಿ’ ದರ್ಜೆಯನ್ನೂ 1,44,200 ರೂಪಾಯಿಗಳ ಆರಂಭದ ಮೂಲವೇತನವನ್ನೂ ಮುಟ್ಟಬಹುದು.

ಎಡವುವುದು ಅವನ ಕಾಲಿನಿಂದಲೇ ಆಗಬೇಕೆಂದಿಲ್ಲ. ಮೌಲ್ಯಮಾಪನದ ಸಮಿತಿ ಸಕಾಲದಲ್ಲಿ ಸೇರದಿದ್ದರೆ ತಿಂಗಳುಗಳು, ವರ್ಷಗಳು ಜಾರುತ್ತವೆ. ಸಸ್ಯ ಸರ್ವೇಕ್ಷಣ ಇಲಾಖೆಯ ವಿಜ್ಞಾನಿಯೊಬ್ಬರ ಮೊಕದ್ದಮೆಯಲ್ಲಿ ದೆಹಲಿಯ ಹೈಕೋರ್ಟು, ಇಲಾಖೆಯ ವಿಳಂಬಕ್ಕೆ ನೌಕರನು ನಷ್ಟಪಡಬೇಕಾಗಿಲ್ಲವೆಂದು 2010ರಲ್ಲಿ ತೀರ್ಪಿತ್ತಿತು. ಗೌಪ್ಯ ವರದಿಯ ಕಥೆಯೂ ಇಂಥದೇ. ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಆ ನಾಲ್ಕು ಸಾಲು ಬಹುಕಾಲ ನೌಕರನ ಕಣ್ಣಿಗೆ ಬೀಳುತ್ತಿರಲಿಲ್ಲ. ತೀರ ಪ್ರತಿಕೂಲವಾದುದನ್ನು ಮಾತ್ರ ತಿಳಿಸುತ್ತಿದ್ದರು. ‘ಉತ್ತಮ’ ಎಂಬ ಮಾತೂ ಬಡ್ತಿಯನ್ನು ತಪ್ಪಿಸಬಲ್ಲದು, ಏಕೆಂದರೆ ಸಮಿತಿಗೆ ‘ಅತ್ಯುತ್ತಮ’ ಬೇಕಾಗಿರಬಹುದು. ಒಳ್ಳೆಯದಾಗಲಿ ಕೆಟ್ಟದಾಗಲಿ, ಪ್ರತಿಯೊಂದು ವರದಿಯನ್ನೂ ನೌಕರನಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ವಿಧಿಸಿತು.

ಇದು ಮೇಲ್ವಿಚಾರಕನ ಪಾಲಿಗೆ ಹೊಸ ಸಂಕಟ. ಬೆಳಗಿನಿಂದ ಸಂಜೆಯವರೆಗೆ ಜೊತೆಯಲ್ಲಿ ದುಡಿಯುವ ತರುಣನಿಗೆ ಕೊಟ್ಟ ಅಂಕಗಳು ಅವನ ಕೈಗೇ ಹೋಗುತ್ತವೆ. ಎಲ್ಲರಿಗೂ ಧಾರಾಳವಾಗಿ ಕೊಟ್ಟರೆ ಅಂಕಕ್ಕೆ ಬೆಲೆಯಿಲ್ಲ. ಇದ್ದುದನ್ನು ಇದ್ದಂತೆ ಬರೆದರೆ ಮಾರನೆಯ ದಿನ ಪ್ರಯೋಗಶಾಲೆಯಲ್ಲಿ ಮೌನ. ಹತ್ತು ಜನರನ್ನು ನಡೆಸುವ ಈ ಕೆಲಸ ಅವನ ದರ್ಜೆಯ ಸಂಬಳದಲ್ಲಿಯೇ ಸೇರಿಹೋಗಿದೆಯೆಂದು ಸರಕಾರದ ಭಾವನೆ. ಹವಾಮಾನ ಇಲಾಖೆಯ ಮೇಲ್ವಿಚಾರಕರನ್ನೇ ನೋಡಿರಿ. ಮೇಲುಗಾಳಿಯನ್ನು ಅಳೆಯುವ ಬಲೂನಿನ ವೇಳೆ ಜಗತ್ತಿಗೆಲ್ಲ ಒಂದೇ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ ಐದೂವರೆ, ಸಂಜೆಯ ಐದೂವರೆ. ದೀಪಾವಳಿಯಾದರೂ ಸರಿಯೆ, ಮಗುವಿಗೆ ಜ್ವರ ಬಂದರೂ ಸರಿಯೆ, ಯಾರಾದರೊಬ್ಬರು ಅಲ್ಲಿರಬೇಕು. ಆ ‘ಯಾರಾದರೊಬ್ಬರು’ ಯಾರೆಂದು ಗೊತ್ತುಮಾಡಿ ಅವರ ಮನೆಯವರ ಅಸಮಾಧಾನವನ್ನು ಹೊರುವುದು ಮೇಲ್ವಿಚಾರಕನ ಕರ್ಮ.

ಸಾಮಾನು ಕೊಳ್ಳುವ ಗೋಳು ಮತ್ತೊಂದು. ಕಚೇರಿಗೆ ಕುರ್ಚಿ ಕೊಳ್ಳುವ ನಿಯಮಗಳಿಂದಲೇ ರೋಹಿತ ಮಾಪಕದ ಬಿಡಿಭಾಗವನ್ನೂ ಕೊಳ್ಳಬೇಕಾಗಿದ್ದುದರಿಂದ, ಕೊಟೇಶನ್, ಟೆಂಡರ್, ಲೆಕ್ಕಪತ್ರದವರ ಆಕ್ಷೇಪಣೆಗಳ ನಡುವೆ ಗುಂಪಿನ ಮುಖ್ಯಸ್ಥರ ದಿನಗಳು ಕಳೆಯುತ್ತಿದ್ದುವು. ಅಗ್ಗದ ಸಾಮಾನು ಬರುತ್ತಿತ್ತು, ಪ್ರಯೋಗ ಕೆಡುತ್ತಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಸರಕಾರವು ವೈಜ್ಞಾನಿಕ ಸಂಸ್ಥೆಗಳಿಗೆ ಈ ಕಟ್ಟನ್ನು ಸಡಿಲಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿತು. ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ ಹತ್ತು ಲಕ್ಷದಿಂದ ಇಪ್ಪತ್ತೈದು ಲಕ್ಷಕ್ಕೆ. ಎರಡು ಲಕ್ಷದೊಳಗಿನ ಬಿಡಿಭಾಗಕ್ಕಾಗಿ ಮೂರು ಅಂಗಡಿಗಳ ಬೆಲೆಪಟ್ಟಿ ತರಿಸುವ ಶ್ರಮ ತಪ್ಪಿದುದರಿಂದ, ಗುಂಪಿನ ಮುಖ್ಯಸ್ಥರು ಆ ಹೊತ್ತಿನಲ್ಲಿ ತಾವು ಓದಿ ಕಲಿತ ಶಾಸ್ತ್ರದ ಕೆಲಸವನ್ನೂ ಸ್ವಲ್ಪ ಮಾಡಬಹುದಾಗಿದೆ.