ಓದಿ ನೋಡಿ ರುಜು ಹಾಕೋಣ



ನಿಮಗೆ ಈಗ ಓದಲು ಬರುತ್ತದೆ. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟಿದ್ದೀರಿ. ರುಜು ಹಾಕುತ್ತೀರಿ. ಆದರೆ ರುಜು ಹಾಕಲು ಕಲಿತರೆ ಸಾಕೇ? ಯಾವುದಕ್ಕೆ ಹಾಕುತ್ತಿದ್ದೇವೆ ಎಂದು ತಿಳಿಯಬೇಡವೇ?

ನಮ್ಮ ಪುರ್ತಗೇರಿಯಂಥ ಊರುಗಳಲ್ಲಿ ಬಹಳ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ. "ಸಾಲಿ ಯಾರದು?" ಎಂದು ಕೇಳಿದರೆ "ಸರ್ಕಾರದ್ದು" ಅಂತೀವಿ. "ಮಾಸ್ತರು ನೋಡಿಕೊಳ್ತಾರ" ಅಂತೀವಿ. ಆದರೆ ಶಾಲೆಯನ್ನು ನೋಡಿಕೊಳ್ಳುವ ಹಕ್ಕು ತಾಯಿ-ತಂದೆಗೂ ಇದೆ.

ಈ ಹಕ್ಕು ಹೇಗೆ ಬಂತು?

ಶಾಲೆಯಲ್ಲಿ ನೀರಿಲ್ಲ ಎನ್ನುವುದು ಬೆಂಗಳೂರಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು? ಊರಿನವರಿಗೆ ಗೊತ್ತು. ಅದಕ್ಕೇ 2001ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲೆಗೊಂದು ಸಮಿತಿ ಮಾಡಿತು. ವಿಜ್ಞಾನಿ ಡಾ. ರಾಜಾ ರಾಮಣ್ಣ ಅವರ ಕಾರ್ಯಪಡೆ ಈ ಸಲಹೆ ಕೊಟ್ಟಿತ್ತು. ಸಮಿತಿಯ ಹೆಸರು ಉದ್ದ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎಸ್‌ಡಿಎಂಸಿ ಎಂದೂ ಕರೆಯುತ್ತಾರೆ.

ಆಮೇಲೆ 2009ರಲ್ಲಿ ಇಡೀ ದೇಶಕ್ಕೆ ಶಿಕ್ಷಣ ಹಕ್ಕು ಕಾಯ್ದೆ ಬಂತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಸಿಗಬೇಕು ಎಂದು ಅದು ಹೇಳುತ್ತದೆ. ಸರ್ಕಾರಿ ಶಾಲೆಗೆ ಸಮಿತಿ ಇರಲೇಬೇಕು ಎಂದೂ ಹೇಳುತ್ತದೆ.

ಸಮಿತಿಯಲ್ಲಿ ಯಾರು ಇರುತ್ತಾರೆ?

4 ಸದಸ್ಯರಲ್ಲಿ 3 ಮಂದಿಯಾದರೂ ಮಕ್ಕಳ ತಾಯಿ, ತಂದೆ ಇಲ್ಲವೆ ಪೋಷಕರು ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಇದು ಯಾರೋ ಕೊಟ್ಟ ಭಿಕ್ಷೆ ಅಲ್ಲ. ಕಾಯ್ದೆ ಕೊಟ್ಟ ಜಾಗ.

ಸಮಿತಿ ಏನು ನೋಡಬೇಕು?

ಶಾಲೆ ಸರಿಯಾಗಿ ನಡೆಯುತ್ತಿದೆಯೇ? ಬಂದ ಹಣ ಸರಿಯಾಗಿ ಖರ್ಚಾಯಿತೇ? ಮುಂದೆ ಏನು ಬೇಕು? ಇವು ಸಮಿತಿಯ ಕೆಲಸ.

ಬಿಸಿಯೂಟ ನೋಡೋಣ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. 6ರಿಂದ 8ನೇ ತರಗತಿಯ ಮಗುವಿಗೆ 150 ಗ್ರಾಂ. ಚಿಕ್ಕ ಮಕ್ಕಳು 40 ಮಂದಿ ಉಂಡರೆ 4 ಕಿಲೋ ಅಕ್ಕಿ. ಈ ಲೆಕ್ಕ ಅಡುಗೆ ಮಾಡುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಶೌಚಾಲಯ ನೋಡೋಣ. ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಬೇಕು. ಅದಕ್ಕೆ ಬೀಗ ಹಾಕಿದ್ದರೆ, ನೀರಿಲ್ಲದಿದ್ದರೆ, ದೊಡ್ಡವಳಾದ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಉಳಿದವಳು ತಿರುಗಿ ಶಾಲೆಗೆ ಹೋಗುವುದು ಕಷ್ಟ. ಈ ಮಾತು ಗಂಡಸರ ಸಭೆಯಲ್ಲಿ ತಾನಾಗಿ ಬರುವುದಿಲ್ಲ. ನಾವೇ ಎತ್ತಬೇಕು.

ಆದರೆ ಎಷ್ಟೋ ಕಡೆ ಏನಾಗುತ್ತದೆ? ಪಟ್ಟಿಯಲ್ಲಿ ಹೆಸರು ಹೆಂಡತಿಯದು. ಸಭೆಗೆ ಹೋಗುವವನು ಗಂಡ. ಠರಾವು ಪುಸ್ತಕ ಮನೆಗೆ ಬರುತ್ತದೆ. "ಇಲ್ಲೊಂದು ರುಜು ಹಾಕವ್ವಾ" ಅಂತಾರೆ. ರೊಟ್ಟಿ ಬಡಿಯುತ್ತಿದ್ದಾಕೆ ಕೈ ಒರೆಸಿಕೊಂಡು ರುಜು ಹಾಕುತ್ತಾಳೆ. ಒಳಗೆ ಏನು ಬರೆದಿದೆ? ಆಕೆಗೆ ಗೊತ್ತಿಲ್ಲ. ಹಣ ಖರ್ಚಾಗಿದೆ ಎಂದು ಬರೆದಿದ್ದರೆ, ಅದಕ್ಕೆ ಆಕೆಯೂ ಒಪ್ಪಿದಂತೆ ಆಯಿತು.

ಹಗಲು ಹೊಲದ ಕೆಲಸ ಬಿಟ್ಟು ಸಭೆಗೆ ಹೋದರೆ ಕೂಲಿ ಹೋಗುತ್ತದೆ. ಇದೂ ನಿಜ. ಅದಕ್ಕೆ ನಾವು ಮೊದಲು ಕೇಳಬೇಕಾದ್ದು ಇದು: "ನಮಗೂ ಬರಲು ಆಗುವ ಹೊತ್ತಿಗೆ ಸಭೆ ಇಡ್ರಿ." ಎರಡನೆಯದು: "ಬರೆದದ್ದನ್ನು ಎಲ್ಲರ ಮುಂದೆ ಓದಿ ಹೇಳ್ರಿ." ಮೂರನೆಯದು: "ಪುಸ್ತಕ ಕೊಡ್ರಿ, ನಾವೂ ಓದತೀವಿ." ನಿಧಾನ ಓದಿದರೂ ನಡೆಯುತ್ತದೆ. ನಾಚಿಕೆ ಬೇಡ. ಒಬ್ಬರೇ ಹೋಗಲು ಅಂಜಿಕೆಯಾದರೆ ನಾಲ್ಕು ಮಂದಿ ಕೂಡಿ ಹೋಗೋಣ.

ಮಾತಾಡೋಣ, ಲೆಕ್ಕ ಮಾಡೋಣ

1. ನಿಮ್ಮ ಶಾಲೆಯ ಸಮಿತಿಯಲ್ಲಿ ಎಷ್ಟು ಹೆಂಗಸರು ಇದ್ದಾರೆ? ಅವರ ಹೆಸರು ಬರೆಯಿರಿ.

2. ಅವರಲ್ಲಿ ಎಷ್ಟು ಮಂದಿ ಹಿಂದಿನ ಸಭೆಗೆ ಹೋಗಿದ್ದರು?

3. 3ನೇ ತರಗತಿಯಲ್ಲಿ 20 ಮಕ್ಕಳು ಉಂಡರೆ ಎಷ್ಟು ಅಕ್ಕಿ ಬೇಕು?