ನಗು ಬರೀ ನೆಪ, ಮೇಡಂ

ಬಸವೇಶ್ವರನಗರದ ಆ ಪಾರ್ಕಿನ ಮೂಲೆಯಲ್ಲಿ ಬೆಳಿಗ್ಗೆ ಆರೂವರೆಗೆ ಇಪ್ಪತ್ತೈದು ಮೂವತ್ತು ಜನ ಕಾರಣವೇ ಇಲ್ಲದೆ ನಗುತ್ತಾರೆ. ಜೋಕಿಲ್ಲ, ಮಿಮಿಕ್ರಿ ಇಲ್ಲ. 'ಲಸ್ಸಿ ನಗು' ಎಂದು ಮೇಷ್ಟ್ರು ಕೂಗಿದರೆ ಸಾಕು, ಎಲ್ಲರೂ ಇಲ್ಲದ ಲೋಟದಿಂದ ಇಲ್ಲದ ಲೋಟಕ್ಕೆ ಲಸ್ಸಿ ಎತ್ತಿ ಹೊಯ್ದು, ಗಟಗಟ ಕುಡಿದಂತೆ ಮಾಡಿ ಹಹ್ಹಹ್ಹಾ ಎನ್ನುತ್ತಾರೆ. ಸಿಂಹದ ನಗುವಿಗೆ ನಾಲಿಗೆ ಗಲ್ಲದವರೆಗೆ ಚಾಚಬೇಕು. ಮೊಬೈಲ್ ನಗುವಿಗೆ ಬರಿಗೈಯನ್ನೇ ಕಿವಿಗಿಟ್ಟುಕೊಂಡು, ಆ ಕಡೆಯವರು ಭಾರೀ ತಮಾಷೆ ಹೇಳಿದರೆಂಬಂತೆ ಓಡಾಡುತ್ತ ನಗಬೇಕು. ವಾಕಿಂಗಿಗೆ ಬಂದ ಹುಡುಗರು ಇದನ್ನೆಲ್ಲ ವಿಡಿಯೊ ಮಾಡಿಕೊಂಡು ಹೋಗುತ್ತಾರೆ. ಇವರಿಗೆ ಅದರ ಪರಿವೆಯೇ ಇಲ್ಲ.

ಮೇಷ್ಟ್ರು ಯಾವ ಸ್ಕೂಲಿನಲ್ಲೂ ಪಾಠ ಹೇಳಿದವರಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಮರಕ್ಕೆ ಕಟ್ಟಿದ ಬ್ಯಾನರಿನಲ್ಲಿ ನಗುವಿನಿಂದ ಬಿಪಿ ಇಳಿಯುತ್ತದೆ, ಶುಗರ್ ಇಳಿಯುತ್ತದೆ ಎಂದೆಲ್ಲ ಬರೆಸಿದ್ದಾರೆ. ನಾನು ಅದನ್ನು ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಸಂತೋಷವನ್ನು ಡ್ರಿಲ್ಲಿನ ಹಾಗೆ ಒನ್ ಟೂ ತ್ರೀ ಎಂದು ಮಾಡಿಸುವುದೆಂದರೆ ನನಗೆ ಮೊದಲಿಂದಲೂ ಇರಿಸುಮುರಿಸು.

ಆದರೆ ಆ ಅಜ್ಜಿ! ಎಪ್ಪತ್ತು ದಾಟಿರಬೇಕು. ಕಾಟನ್ ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ಮೊಮ್ಮಗನದಿರಬಹುದಾದ ಸ್ಪೋರ್ಟ್ಸ್ ಶೂ. ಲಸ್ಸಿ ಕುಡಿಯುವ ನಾಟಕದಲ್ಲಿ ಶುರುವಾದ ನಗು ಅವರಲ್ಲಿ ನಿಜದ ನಗುವಾಗಿ, ನಿಲ್ಲಿಸಲಾಗದೆ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿ, "ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರ್ದು ಅಂತ ನಮ್ಮತ್ತೆ ದಿನಾ ಅನ್ನೋರು. ಹಲ್ಲು ಕಾಣೋ ಹಾಗೆ ನಗ್ತಾನೇ ಇರಲಿಲ್ಲ ನಾನು. ಈಗ ನೋಡಮ್ಮ, ರಸ್ತೆಗೆಲ್ಲ ಕೇಳ್ಸತ್ತೆ" ಎಂದರು. ಸೊಸೆಗೆ ಇದು ಇಷ್ಟವಿಲ್ಲವಂತೆ. "ಅವಳಿಗೂ ಬಾ ಅಂತೀನಿ, ಬರಲ್ಲ."

ಈ ಲಾಫಿಂಗ್ ಕ್ಲಬ್ಬುಗಳ ಚರಿತ್ರೆ ಹೆಚ್ಚಿನವರಿಗೆ ಗೊತ್ತು. 1995ರ ಮಾರ್ಚ್ 13ರಂದು ಮುಂಬೈನ ಪಾರ್ಕೊಂದರಲ್ಲಿ ಡಾ. ಮದನ್ ಕಟಾರಿಯಾ ಬೆರಳೆಣಿಕೆಯ ಜನರನ್ನು ಕೂಡಿಸಿಕೊಂಡು ಆರಂಭಿಸಿದ್ದು. ಮೊದಮೊದಲು ಜೋಕು ಹೇಳಿಯೇ ನಗುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಜೋಕುಗಳ ದಾಸ್ತಾನು ಮುಗಿದು, ಪೋಲಿ ಜೋಕು, ಯಾರಿಗಾದರೂ ಚುಚ್ಚುವ ಜೋಕು ಹೊರಬಂದವು. ಆಗ ಜೋಕನ್ನೇ ಬಿಟ್ಟು ಬರೀ ನಗುವನ್ನು ಉಳಿಸಿಕೊಂಡರು. ನಗು ಸುಳ್ಳೋ ನಿಜವೋ ಎಂಬ ಭೇದ ದೇಹಕ್ಕೆ ತಿಳಿಯುವುದಿಲ್ಲ ಎನ್ನುವುದು ಅವರ ವಾದ.

ಹೌದೇ? ಇದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಒಂದು ಪೆನ್ನಿನ ಕಥೆ. 1988ರಲ್ಲಿ ಜರ್ಮನ್ ಮನೋವಿಜ್ಞಾನಿ ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು ಕೆಲವರಿಗೆ ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಲು, ಕೆಲವರಿಗೆ ತುಟಿಯಲ್ಲಷ್ಟೇ ಹಿಡಿಯಲು ಹೇಳಿ ವ್ಯಂಗ್ಯಚಿತ್ರ ತೋರಿಸಿದರು. ಹಲ್ಲಿನಲ್ಲಿ ಕಚ್ಚಿದರೆ ಗೊತ್ತಿಲ್ಲದೆಯೇ ಮುಖ ನಗುಮುಖವಾಗುತ್ತದೆ, ತುಟಿಯಲ್ಲಿ ಹಿಡಿದರೆ ಸಿಂಡರಿಸಿಕೊಳ್ಳುತ್ತದೆ. ಕಚ್ಚಿಕೊಂಡವರಿಗೆ ಚಿತ್ರಗಳು ಹೆಚ್ಚು ತಮಾಷೆ ಎನಿಸಿದವು. ಸಂಗತಿ ಪಠ್ಯಪುಸ್ತಕಗಳನ್ನೂ ಸೇರಿತು. 2016ರಲ್ಲಿ 17 ಪ್ರಯೋಗಾಲಯಗಳು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ ನೋಡಿದರೆ, ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ! 2019ರಲ್ಲಿ ಸ್ಟ್ರಾಕ್‌ಗೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು: ಪೆನ್ನು ಕಚ್ಚಿದರೆ ಖುಷಿಯಾಗುತ್ತದೆಂದು ಕಂಡುಹಿಡಿದುದಕ್ಕೆ, ಆಮೇಲೆ ಆಗುವುದಿಲ್ಲವೆಂದು ಕಂಡುಹಿಡಿದುದಕ್ಕೆ. ಕಥೆ ಅಲ್ಲಿಗೂ ಮುಗಿಯಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನಡೆದ ಅಧ್ಯಯನ, ನಗುವವರ ಮುಖ ನೋಡಿ ಹಾಗೆಯೇ ಮಾಡಿದವರಿಗೆ ಖುಷಿ ತುಸು ಏರಿದ್ದನ್ನು ತೋರಿಸಿತು. ಪೆನ್ನಿನ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ.

ನಾನೂ ಹಲ್ಲಿನಲ್ಲಿ ಪೆನ್ನು ಕಚ್ಚಿಕೊಂಡು 'ಕೊರವಂಜಿ'ಯ ಹಳೆಯ ಸಂಚಿಕೆಯೊಂದನ್ನು ತಿರುವಿ ಹಾಕಿದೆ. ನಗು ಬಂತು. ಪೆನ್ನು ತೆಗೆದಿಟ್ಟ ಮೇಲೂ ಬಂತು. ಆ ಪತ್ರಿಕೆಯ ಮಾತು ಬಂದರೆ ಬೇಗ ನಿಲ್ಲಿಸುವುದು ನನಗೆ ಕಷ್ಟ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಹುಟ್ಟುಹಾಕಿ 25 ವರ್ಷ ನಡೆಸಿದ್ದು. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವ ಮೊದಲೇ ಅದಕ್ಕೆ ಚಿತ್ರ ಬರೆದುಕೊಟ್ಟಿದ್ದರು. ಕನ್ನಡಿಗರನ್ನು ಇಷ್ಟು ಕಾಲ ನಗಿಸಿದ ಈ ವೈದ್ಯರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಹಾಸ್ಯಕ್ಕಲ್ಲ, 'ಮನಮಂಥನ' ಎಂಬ ಮನೋವೈದ್ಯದ ಪುಸ್ತಕಕ್ಕೆ! ನಗಿಸುವುದೂ ಚಿಕಿತ್ಸೆ ಕೊಡುವುದೂ ಒಂದೇ ಎಂದು ಅವರು ಗೊಂದಲ ಮಾಡಿಕೊಳ್ಳಲಿಲ್ಲ, ಎರಡನ್ನೂ ಬೇರೆಬೇರೆಯಾಗಿ ಮಾಡಿದರು. ನಮ್ಮ ಬ್ಯಾನರ್ ಬರೆಸುವವರು ಗಮನಿಸಬೇಕಾದ್ದು.

ಪಾರ್ಕಿನಲ್ಲಿ ಕಂಡದ್ದಕ್ಕೆ ಹೆಚ್ಚು ಹೊಂದುವುದು ಅಮೆರಿಕದ ರಾಬರ್ಟ್ ಪ್ರೊವೈನ್ ಮಾಡಿದ ಕೆಲಸ. ಆತ ಮಾಲುಗಳಲ್ಲಿ, ಕಾಲೇಜು ಆವರಣಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು 1,200 ನಗುಗಳನ್ನು ದಾಖಲಿಸಿದ. ನಗುವಿಗೆ ಮುಂಚಿನ ಮಾತು ತಮಾಷೆಯದ್ದಾಗಿದ್ದು ಶೇ 10ರಿಂದ 20 ಸಲ ಮಾತ್ರ. ಒಬ್ಬರೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ನಾವು ನಗುವುದು ಸುಮಾರು 30 ಪಟ್ಟು ಹೆಚ್ಚಂತೆ.

ಏಳು ಗಂಟೆಗೆ ನಗು ಮುಗಿಯಿತು. ಯಾರೂ ಮನೆಗೆ ಹೊರಡಲಿಲ್ಲ. ಎದುರಿನ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತು ಇ-ಖಾತಾ, ಮಂಡಿನೋವು, ಅಮೆರಿಕದ ಮಗ, ಕಾವೇರಿ ನೀರಿನ ಬಿಲ್ಲು. ಹೆಂಡತಿ ತೀರಿಕೊಂಡ ಒಬ್ಬರಿಗೆ ಇನ್ನೊಬ್ಬರು ಹುಳಿ ಮಾಡುವುದನ್ನು ಹೇಳಿಕೊಡುತ್ತಿದ್ದರು. ಬೇಳೆ ಎಷ್ಟು, ಪುಡಿ ಯಾವಾಗ. ಒಬ್ಬರು ಎರಡು ದಿನ ಬಾರದಿದ್ದರೆ ಫೋನು, ಮೂರನೇ ದಿನಕ್ಕೆ ಮನೆಬಾಗಿಲಿಗೆ ಜನ. ಇದನ್ನೇ ಬ್ಯಾನರಿನಲ್ಲಿ ಹಾಕಬಹುದಲ್ಲ ಎಂದೆ. ಮೇಷ್ಟ್ರು ನನ್ನನ್ನು ಹೊಸ ಅಪ್ರೆಂಟಿಸ್ ಎಂಬಂತೆ ನೋಡಿದರು. "ನಗು ಬರೀ ನೆಪ, ಮೇಡಂ. ಬನ್ನಿ, ಮಾತಾಡೋಣ ಅಂತ ಬರೆಸಿದ್ರೆ ಯಾರು ಬರ್ತಾರೆ? ಬಿಪಿಗೆ ಅಂದ್ರೆ ಗಂಡಸರೂ ಬರ್ತಾರೆ."

ನಿದ್ದೆ ಬಿಟ್ಟವರು, ಊಟ ಸೇರದವರು, ಯಾವುದೂ ಬೇಡವಾದವರು ಬಂದರೆ? ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ತೋರಿಸಿದರು. 14416 ಎಂದು ಬರೆದಿತ್ತು: ಕನ್ನಡದಲ್ಲೂ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ಕಾಸಿಲ್ಲ. "ಅಂಥವರಿಗೆ ನಾವು ಲಸ್ಸಿ ಕುಡಿಸಲ್ಲ. ಮೊದ್ಲು ಇದಕ್ಕೆ ಫೋನ್ ಮಾಡಿ, ಆಮೇಲೆ ಕಾಫಿಗೆ ಬನ್ನಿ ಅಂತೀವಿ" ಎಂದರು.