ಎಲೆಯ ಮೇಲೆ ಎಲೆ: ಆಸಾಡಿಯ ಪತ್ರೊಡೆ

ಆಸಾಡಿ ಮಳೆ ಹಿಡಿಯಿತೆಂದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ತೋಡಿನ ಬದಿ, ತೋಟದ ಅಂಚು, ಬಚ್ಚಲ ನೀರು ಹರಿಯುವ ಜಾಗ, ಎಲ್ಲೆಲ್ಲೂ ಕೆಸು. ನೆಂಟರು ಬರುವ ದಿನಕ್ಕೆ ಹಿಂದಿನ ರಾತ್ರಿಯೇ ಬೇಯಿಸಿಟ್ಟು, ಬೆಳಿಗ್ಗೆ ಕೊಯ್ದು ಬಡಿಸಲು ಆ ಎಲೆಗೆ ಹಿಟ್ಟು ಹಚ್ಚಿ ಸುತ್ತುವ ಪತ್ರೊಡೆಯಷ್ಟು ಒದಗುವ ತಿಂಡಿ ಇನ್ನೊಂದಿಲ್ಲ.

ಗುಜರಾತಿನ ಪಾತ್ರಾ, ಮರಾಠಿಗರ ಅಳುವಡಿಗಳಿಗೆ ಕಡಲೆಹಿಟ್ಟು ಬೇಕು; ನಮ್ಮದಕ್ಕೆ ನೆನೆಸಿದ ಬೆಳ್ತಿಗೆ ಅಕ್ಕಿ. ಒಣಮೆಣಸು, ಕೊತ್ತಂಬರಿ, ಜೀರಿಗೆ, ತೆಂಗಿನಕಾಯಿ, ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಬೇಕು. ಹುಣಸೆಹುಳಿಯಲ್ಲಿ ಮಾತ್ರ ಕೈ ಹಿಡಿಯುವಂತಿಲ್ಲ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಬಾಯಿ, ಗಂಟಲು ತುರಿಸುವುದು ಅವುಗಳಿಂದಲೇ. ಹುಳಿ ಚೆನ್ನಾಗಿ ಬಿದ್ದು, ಎಲೆ ಪೂರ್ತಿ ಬೆಂದರೆ ತುರಿಕೆಯ ಕಾಟ ತಗ್ಗುತ್ತದೆ. ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕರಂತೂ ಪುಣ್ಯ.

ಪತ್ರೊಡೆಯ ಹದವಿರುವುದು ಹಚ್ಚುವುದರಲ್ಲಿ. ಎಲೆ ತೊಳೆದು ಒರೆಸಿ, ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಹೆರೆದು ತೆಗೆಯಬೇಕು. ಇಲ್ಲವಾದರೆ ಸುತ್ತುವಾಗ ಎಲೆ ಸೀಳುತ್ತದೆ. ಎಲ್ಲಕ್ಕಿಂತ ದೊಡ್ಡ ಎಲೆಯನ್ನು ಬೆನ್ನು ಮೇಲಾಗಿ ಹಾಸಿ, ಹಿಟ್ಟನ್ನು ಅಂಗೈಯಿಂದ ಅಂಚಿನವರೆಗೂ ತೆಳ್ಳಗೆ ಸವರಿ, ಅದರ ಮೇಲೆ ಇನ್ನೊಂದು ಎಲೆಯನ್ನು ತುದಿ ತಿರುಗಿಸಿ ಇಡುವುದು. ಹೀಗೆ ಐದಾರು ಎಲೆಯಾದ ಮೇಲೆ ಎರಡೂ ಬದಿ ಮಡಚಿ, ಪ್ರತಿ ಮಡಿಕೆಗೂ ಹಿಟ್ಟು ಸವರುತ್ತ ಬಿಗಿಯಾಗಿ ಸುತ್ತಬೇಕು. ಹಿಟ್ಟು ನೀರಾದರೆ ಜಾರುತ್ತದೆ, ದಪ್ಪವಾದರೆ ನಡುವೆ ಬೇಯುವುದಿಲ್ಲ. ಆಮೇಲೆ ಮುಕ್ಕಾಲು ಗಂಟೆ ಹಬೆ.

ಪುರುಸೊತ್ತಿಲ್ಲವೆಂದು ಈಗ ಎಷ್ಟೋ ಮನೆಗಳಲ್ಲಿ ಎಲೆ ಹೆಚ್ಚಿ ಹಿಟ್ಟಿಗೆ ಬೆರೆಸಿ ಬೇಯಿಸುತ್ತಾರೆ. ರುಚಿಗೆ ಮೋಸವಿಲ್ಲ, ಆದರೆ ನನಗದು ಪತ್ರೊಡೆಯಲ್ಲ. ಕೊಯ್ದ ಹೋಳಿನಲ್ಲಿ ಕಪ್ಪುಹಸಿರು ಎಲೆ, ಕೆಂಪು ಹಿಟ್ಟು ಸುತ್ತಿ ಸುತ್ತಿ ಕಾಣಬೇಕು. ಹಲ್ಲಿಗೆ ಒಂದೊಂದು ಪದರವೂ ಸಿಗಬೇಕು. ಆಯುಷ್ ಸಚಿವಾಲಯ 2021ರಲ್ಲಿ ತಂದ ಸಾಂಪ್ರದಾಯಿಕ ಅಡುಗೆಗಳ ಪುಸ್ತಿಕೆಯಲ್ಲೂ ಪತ್ರೊಡೆಯಿದೆ. ಸಂತೋಷವೇ. ಆದರೆ ಹಚ್ಚುವ ಕೈಹದವನ್ನು ಅಮ್ಮ, ದೊಡ್ಡಮ್ಮಂದಿರ ಪಕ್ಕ ಕೂತೇ ಕಲಿಯಬೇಕು.

ಬಿಸಿಯಲ್ಲೇ ಚೂರಿ ಹಾಕಿದರೆ ಪದರ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಕೊಯ್ದು, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಬದಿ ಕೆಂಪಗೆ ಕಾಯಿಸಿ. ಮುರಿದ ಹೋಳುಗಳಿದ್ದರೆ ಪುಡಿಮಾಡಿ, ಸಾಸಿವೆ ಒಗ್ಗರಣೆಗೆ ಹಾಕಿ, ಬೆಲ್ಲ, ಕಾಯಿತುರಿ ಸೇರಿಸಿ. ಮಕ್ಕಳು ಮೊದಲು ಕೈಹಾಕುವುದು ಅದಕ್ಕೇ.